ಬ್ರೇಜನ್ ಎಂದವಳು ನಾನೇ

ಗುರುತಿದ್ದವಳನ್ನು ಗುರುತಿಲ್ಲ ಎಂದುಬಿಟ್ಟೆ ನಾನು. ಅದೂ ಯಾವಾಗ? ಅವಳು ನನಗಾಗಿಯೇ ಲೋಕಲ್ ರೈಲಿನ ಸೀಟಿನ ಮೇಲೆ ಅಡ್ಡ ಬಿದ್ದುಕೊಂಡು, ಅರ್ಧ ಬೋಗಿಯ ಹೆಂಗಸರಿಂದ ಬೈಸಿಕೊಳ್ಳುತ್ತ, ನನಗೂ ನನ್ನ ಅತಿಥಿಗೂ ಜಾಗ ಹಿಡಿದಿಟ್ಟಿದ್ದ ಹೊತ್ತಿನಲ್ಲಿ. ಅಷ್ಟು ಸಾಲದೆಂದು ಅವಳಿಗೊಂದು ಇಂಗ್ಲಿಷ್ ಬೈಗುಳವನ್ನೂ ಕೊಟ್ಟೆ — ಬ್ರೇಜನ್. ಮರುದಿನ ಅವಳೇ ಬಂದು ಆ ಪದದ ಅರ್ಥ ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ ಆ ಸುಳ್ಳನ್ನು ಕಾಪಾಡಿಕೊಳ್ಳಲು ಇನ್ನೂ ದೊಡ್ಡದೊಂದು… ಇರಲಿ, ಅದನ್ನು ಮುಂದೆ ಹೇಳುತ್ತೇನೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವ ಧೈರ್ಯ ನನಗಿಲ್ಲ.

ಅವಳ ಹೆಸರು ಮಹಾದೇವಿ. ವಿಜಯಪುರ ಕಡೆಯವಳು. ಗಂಡ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಹಮಾಲಿ, ಇವಳು ಠಾಣೆ ಪಟ್ಟಣದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ, ಮನೆ ಟಿಟ್ವಾಳಾದಲ್ಲಿ. ನಾನು ವಸಂತಿ. ಹುಟ್ಟಿದ್ದು ಉಡುಪಿ ಕಡೆ, ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ನಿವೃತ್ತಿಯಾಗುವವರೆಗೂ ಠಾಣೆಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಕರ್ನಾಟಕದಲ್ಲೇ ಇದ್ದಿದ್ದರೆ ನಾವಿಬ್ಬರೂ ಪರಸ್ಪರ ಮುಖ ನೋಡುವ ಸಂಭವವೇ ಇರಲಿಲ್ಲ. ಲೇಡೀಸ್ ಡಬ್ಬಾ ಎಂಬ ಹೆಂಗಸರ ಬೋಗಿಯ ದೆಸೆಯಿಂದ ಗೆಳತಿಯರಾದೆವು.

ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಹತ್ತಿ ಸೀಟು ಹಿಡಿಯುತ್ತೇನೆ ಎನ್ನುವುದು ತೆಂಗಿನ ಮರಕ್ಕೆ ಏಣಿಯಿಲ್ಲದೆ ಹತ್ತುತ್ತೇನೆ ಎಂದಷ್ಟೇ ಸುಲಭ! ಹಾಗಾಗಿ ನಮ್ಮ ರೈಲು ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಮಹಾದೇವಿ ಟಿಟ್ವಾಳಾದಿಂದ ಬಂದು ಕಲ್ಯಾಣದಲ್ಲಿ ಇಳಿದು, ಅಲ್ಲಿಂದಲೇ ಹೊರಡುವ ಖಾಲಿ ಗಾಡಿಗೆ ಹಾರಿ, ನಮಗೆಲ್ಲ ಸೀಟು ಹಿಡಿಯುತ್ತಿದ್ದಳು. ಒಂದರ ಮೇಲೆ ಟಿಫಿನ್ ಚೀಲ, ಇನ್ನೊಂದರ ಮೇಲೆ ಕೊಡೆ, ಮತ್ತೊಂದರ ಮೇಲೆ ದುಪಟ್ಟಾ. ವಸ್ತುಗಳು ಸಾಲದಾದಾಗ ಸ್ವತಃ ತಾನೇ. ಕಲ್ಯಾಣದಿಂದ ಡೊಂಬಿವಲಿಗೆ ಎಷ್ಟು ಹೊತ್ತು? ಅಷ್ಟರೊಳಗೆ ಅವಳು ಮರಾಠಿಯಲ್ಲಿ ಬೈಸಿಕೊಂಡು, ಹಿಂದಿಯಲ್ಲಿ ತಿರುಗಿ ಬೈದು, ಕೊನೆಗೆ ಕನ್ನಡದಲ್ಲಿ ತನ್ನಷ್ಟಕ್ಕೆ ತಾನೇ ನಗುತ್ತ ಕೂತಿರುತ್ತಿದ್ದಳು. ನಾಚಿಕೆ ಎಂಬುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅವಳಿಗೆ ನಾಚಿಕೆ ಇಲ್ಲದ್ದರಿಂದ ನಾವು ಆರು ಜನ ಮರ್ಯಾದಸ್ತರು ದಿನಾ ಕೂತು ಹೋಗುತ್ತಿದ್ದೆವು ಎಂಬ ವಿಷಯ ಆಗ ಯಾರಿಗೂ ಹೊಳೆದಿರಲಿಲ್ಲ.

ಆ ಗುಂಪಿನಲ್ಲಿ ನನ್ನ ಹುದ್ದೆ ಡಿಕ್ಷನರಿ. ನನಗೆ ಇಂಗ್ಲಿಷ್ ಪದಗಳ ಹುಚ್ಚು. ಪದ ಎಲ್ಲಿಂದ ಬಂತು, ಮೊದಲು ಯಾವ ಅರ್ಥ ಇತ್ತು, ಆಮೇಲೆ ಹೇಗೆ ಕೆಟ್ಟುಹೋಯಿತು — ಇದನ್ನೆಲ್ಲ ದಪ್ಪ ನಿಘಂಟಿನಲ್ಲಿ ಓದಿಕೊಂಡು ಬಂದು ಠಾಣೆ ಬರುವವರೆಗೆ ಅವರ ತಲೆ ತಿನ್ನುತ್ತಿದ್ದೆ. ಜೋಶಿ ಬಾಯಿ ಎಂಬ ಮರಾಠಿ ಗೆಳತಿ ನಿದ್ದೆ ಹೊಡೆಯುತ್ತಿದ್ದಳು. ಮಹಾದೇವಿ ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು, ಕೇಳಿದ ಪದವನ್ನು ಆಸ್ಪತ್ರೆಯಲ್ಲಿ ಆ ದಿನವೇ ಯಾರ ಮೇಲಾದರೂ ಪ್ರಯೋಗಿಸುತ್ತಿದ್ದಳು.

ಇನ್ನು ಆ ಬೆಳಗಿನ ವಿಷಯ. ನನ್ನ ಮಗಳು ಶ್ರುತಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ನಳಿನಿಯವರು ನಮ್ಮ ಊರ ಕಡೆಯವರೇ, ಠಾಣೆಯಲ್ಲಿ ಒಂದು ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ತೂಕದ ಮಾತು. ಅವರ ಮುಂದೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಹುಡುಗಿಯನ್ನು ನೋಡಲು ಬಂದವರು ಡೊಂಬಿವಲಿಯಲ್ಲೇ ಇದ್ದ ತಂಗಿಯ ಮನೆಯಲ್ಲಿ ಉಳಿದಿದ್ದರು. ಮರುದಿನ ಠಾಣೆಗೆ ಹಿಂದಿರುಗಬೇಕಿತ್ತು. ನಾನು ಉತ್ಸಾಹದಿಂದ, ನನ್ನ ಜೊತೆಗೇ ಬನ್ನಿ, ಸೀಟಿನ ಚಿಂತೆ ಬೇಡ ಎಂದೆ. ಮಹಾದೇವಿಗೆ ಫೋನ್ ಮಾಡಿ ನಾಳೆ ಎರಡು ಹಿಡಿ, ಬೀಗರಾಗುವವರು ಬರುತ್ತಿದ್ದಾರೆ ಎಂದೂ ಹೇಳಿದೆ. ಹೌದು, ಹಿಡಿ ಎಂದವಳು ನಾನೇ.

ಗಾಡಿ ಬಂತು. ಜನರ ನೂಕಿನಲ್ಲೇ ನಾವಿಬ್ಬರೂ ಒಳಗೆ ಬಿದ್ದೆವು. ನಳಿನಿಯವರ ಸೀರೆಯ ಇಸ್ತ್ರಿ ಬಾಗಿಲಲ್ಲೇ ಮುಗಿಯಿತು. ಒಳಗೆ ನೋಡಿದರೆ ಮಹಾದೇವಿ ಸೀಟಿನ ಮೇಲೆ ಉದ್ದಕ್ಕೆ ಮಲಗಿದ್ದಾಳೆ! ತಲೆಯಡಿ ಟಿಫಿನ್ ಚೀಲ, ಒಂದು ಕಾಲು ಎದುರು ಸೀಟಿನ ಮೇಲೆ. ಒಬ್ಬ ದಪ್ಪನೆಯ ಹೆಂಗಸು ಅವಳ ಕಾಲ ಮೇಲೆಯೇ ಕೂರುವ ಪ್ರಯತ್ನದಲ್ಲಿದ್ದಾಳೆ. ಸುತ್ತ ನಾಲ್ಕೈದು ಜನ ಕೂಗಾಡುತ್ತಿದ್ದಾರೆ. "ನಿರ್ಲಜ್ಜ ಬಾಯಿ!" ಎಂದು ಒಬ್ಬಳು ಮರಾಠಿಯಲ್ಲಿ, "ಬೇಶರಮ್!" ಎಂದು ಇನ್ನೊಬ್ಬಳು ಹಿಂದಿಯಲ್ಲಿ ಅದನ್ನೇ. ಅಷ್ಟರಲ್ಲಿ ಮಹಾದೇವಿ ನನ್ನನ್ನು ಕಂಡಳು. ಕಂಡವಳೇ ಇಡೀ ಡಬ್ಬಾ ತಿರುಗಿ ನೋಡುವಂತೆ ಕೂಗಿದಳು:

"ಅಕ್ಕಾರ! ಲಗೂ ಬರ್ರಿ! ಬೀಗರ ಸೀಟೂ ಹಿಡದೀನಿ!"

ಬೀಗರು! ಅವರಿನ್ನೂ ಹುಡುಗಿ ಒಪ್ಪಿಗೆ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ.

ನಳಿನಿಯವರು ನನ್ನ ಕಡೆ ನೋಡಿ, "ಅವರು ನಿಮ್ಮನ್ನು ಕರೆಯುವುದಲ್ವಾ? ಗುರ್ತ ಉಂಟಾ?" ಎಂದರು.

"ಎಂತ ಗುರ್ತ ಮಾರಾಯ್ರೆ? ಇಲ್ಲಪ್ಪ," ಎಂದೆ ನಾನು. "ಯಾರನ್ನು ಕರೆಯುವುದೋ ಏನೋ." ಆಮೇಲೆ — ಇದನ್ನು ಯಾರೂ ಕೇಳಿರಲಿಲ್ಲ, ನನ್ನ ಇಂಗ್ಲಿಷ್ ಅವರಿಗೆ ಗೊತ್ತಾಗಲಿ ಎಂಬ ಚಪಲ — "ಸೋ ಬ್ರೇಜನ್!" ಎಂದು ಗಟ್ಟಿಯಾಗಿಯೇ ಸೇರಿಸಿದೆ.

ಹೇಳಿ ಮುಖ ತಿರುಗಿಸಿದೆ. ಮಹಾದೇವಿ ಇನ್ನೆರಡು ಸಲ ಕರೆದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೊರಗೆ ನೋಡುವುದಕ್ಕೆ ಏನಿತ್ತು? ಚರಂಡಿಯ ಪಕ್ಕ ಬೆಳೆಯುವ ಆ ತಿಳಿನೇರಳೆ ಹೂವಿನ ಗಿಡ. ಇಲ್ಲಿಯವರು ಅದಕ್ಕೆ ಬೇಶರಮ್ ಗಿಡ ಎನ್ನುತ್ತಾರೆ, ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆಂದು. ಎರಡೂ ಸೀಟು ಬೇರೆ ಯಾರದೋ ಪಾಲಾಯಿತು. ಠಾಣೆಯವರೆಗೆ ನಾವಿಬ್ಬರು ಬೀಗಿತ್ತಿಯರು ಮೇಲಿನ ಹಿಡಿಗೆ ಜೋತುಬಿದ್ದು ಸಂಸ್ಕೃತಿಯ ಬಗ್ಗೆ ಮಾತಾಡುತ್ತ ಹೋದೆವು.

ಮರುದಿನ ನನ್ನ ಸೀಟು ಎಂದಿನಂತೆ ಕಾದಿತ್ತು. ಮಹಾದೇವಿ ಬೇಸರ ಮಾಡಿಕೊಂಡಿರಲಿಲ್ಲ. "ರಶ್ಶಿನ್ಯಾಗ ನಾ ಕಾಣಲಿಲ್ಲೇನ್ರಿ ಅಕ್ಕಾರ?" ಎಂದು ತಾನೇ ಕೇಳಿ, ತಾನೇ ನನಗೊಂದು ಬಿಡುಗಡೆಯ ದಾರಿ ತೋರಿಸಿದಳು. ನಾನು ಹೂಂ ಎಂದೆ. ಅಲ್ಲಿಗೆ ಮುಗಿಯಿತೆಂದುಕೊಳ್ಳುವಷ್ಟರಲ್ಲಿ, "ಅದೇನೋ ನನ್ನ ಕಡೆ ನೋಡಿ ಅಂದ್ರಲ್ಲ — ಬ್ರೇಜನ್? ಹಂಗಂದ್ರ ಏನ್ರಿ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡಳಲ್ಲ. ಪಾಠ ಶುರು ಮಾಡಿದೆ. ಅದು ಬಹಳ ಹಳೆಯ ಪದ ಮಹಾದೇವಿ, ಹಿತ್ತಾಳೆಯಿಂದ ಮಾಡಿದ್ದು ಎಂದು ಅದರ ಮೊದಲ ಅರ್ಥ, ಹಿತ್ತಾಳೆಯ ಹಾಗೆ ಗಟ್ಟಿ, ಹಿತ್ತಾಳೆಯ ಹಾಗೆ ಫಳಫಳ… ಇದರಲ್ಲಿ ಮೂಲದ ಮಟ್ಟಿಗೆ ಒಂದಕ್ಷರ ಸುಳ್ಳಿಲ್ಲ. ಆದರೆ ಆಮೇಲಿನ ಕಥೆಯನ್ನು ನುಂಗಿಕೊಂಡೆ. ಏನು ಮಾಡಿದರೂ ನಾಚಿಕೆಯಿಂದ ಕೆಂಪೇರದ ಮುಖಕ್ಕೆ ಇಂಗ್ಲಿಷಿನವರು ಹಿತ್ತಾಳೆ ಮುಖ ಎಂದದ್ದನ್ನು ಹೇಳಲಿಲ್ಲ. ಹಾಡಹಗಲೇ ದರೋಡೆಯಾದರೆ ಅವರ ಪತ್ರಿಕೆಗಳಿಗೆ ಈ ಪದವೇ ಬೇಕು ಎಂಬುದನ್ನೂ ಹೇಳಲಿಲ್ಲ. ನಮ್ಮಲ್ಲಿ ಹಿತ್ತಾಳೆ ಕಿವಿಗೆ ಹೋಯಿತು, ಚಾಡಿ ನಂಬುವವರಿಗೆ ಹಿತ್ತಾಳೆ ಕಿವಿ ಎಂದೆವು. ಅವರಲ್ಲಿ ಮುಖಕ್ಕೆ ಬಂತು. ನಮ್ಮ 'ಭಂಡ' ಎಂಬ ಪದವೇ ಅದಕ್ಕೆ ಸರಿಯಾದ ಜೋಡಿ. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೂ — ಪದದ ಹುಟ್ಟು ಹೇಳಿ ಅರ್ಥ ಮುಚ್ಚಿಟ್ಟೆ. ಓದಿದವರು ಹೇಳುವ ಸುಳ್ಳು ಹೀಗೇ ಇರುತ್ತದೆ.

ಮಹಾದೇವಿಗೆ ಖುಷಿಯೋ ಖುಷಿ. "ನಮ್ಮವ್ವ ಹಿತ್ತಾಳಿ ಕೊಡಾ ಹುಣಚಿಹಣ್ಣು ಹಚ್ಚಿ ತಿಕ್ಕತಿದ್ದಳ್ರಿ, ಬಂಗಾರದಂಗ ಹೊಳೀತಿತ್ತು," ಎಂದಳು. ಜೋಶಿ ಬಾಯಿ ನಿದ್ದೆಯಲ್ಲೇ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಳು.

ಸಂಬಂಧ ನಿಶ್ಚಯವಾಯಿತು. ಸುದ್ದಿ ಕೇಳಿ ನಮ್ಮ ಗುಂಪು ಕುಣಿದಾಡಿತು. ಇಲ್ಲಿ ಮದುವೆಗೆ ಮುಂಚೆ ಹುಡುಗಿಯನ್ನು ಕರೆದು ಊಟ ಹಾಕುವ ಪದ್ಧತಿಯುಂಟು, ಮರಾಠಿಯಲ್ಲಿ ಕೇಳವಣ ಎನ್ನುತ್ತಾರೆ. ನಮ್ಮವರು ಅದನ್ನು ರೈಲಿನಲ್ಲೇ ಮಾಡುತ್ತೇವೆ ಎಂದು ಹಟ ಹಿಡಿದರು. ಒಂದು ಶನಿವಾರ ಶ್ರುತಿಯನ್ನು ಕರೆದುಕೊಂಡು ಹೋದೆ. ಕಿಟಕಿಗೆಲ್ಲ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಜೋಶಿ ಬಾಯಿಯ ಸಾಬುದಾಣಾ ವಡೆ, ಮಹಾದೇವಿಯ ಶೇಂಗಾ ಹೋಳಿಗೆ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ. "ಮಾವಶಿ, ಬಸ್ಸ್, ಬಸ್ಸ್!" ಎಂದು ಮರಾಠಿಯಲ್ಲಿ, ಚಿಕ್ಕಮ್ಮಾ ಸಾಕು ಸಾಕು ಎನ್ನುತ್ತಿದ್ದರೂ ಬಿಡದೆ ಮಹಾದೇವಿ ಹೋಳಿಗೆ ತುರುಕುತ್ತಿದ್ದಳು. ಆಮೇಲೆ ಹಸಿರು ಬಳೆ ತೊಡಿಸಿ, ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಅವಳ ಉಡಿ ತುಂಬಿದಳು. ಹಾಡು ಹೇಳಿದಳು. ಗಾಡಿ ಓಲಾಡಿದಾಗ ತೆಂಗಿನಕಾಯಿ ಉರುಳಿ ಯಾರದೋ ಕಾಲಡಿಗೆ ಹೋಗಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ ನನ್ನ ಹೊಟ್ಟೆಯೊಳಗೆ ಒಂದು ಲೆಕ್ಕಾಚಾರ ನಡೆದಿತ್ತು. ಇವಳು ಮದುವೆಗೆ ಬಂದರೆ ನಳಿನಿಯವರು ಗುರುತು ಹಿಡಿಯುತ್ತಾರೆ. ಇವಳನ್ನೊಬ್ಬಳನ್ನೇ ಬಿಟ್ಟು ಉಳಿದವರನ್ನು ಕರೆಯುವ ಹಾಗಿಲ್ಲ…

ಈಗ ಆ ದೊಡ್ಡ ಸುಳ್ಳು. ಮದುವೆ ಊರಲ್ಲಿ, ಉಡುಪಿಯಲ್ಲಿ, ಮನೆಯವರಷ್ಟೇ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಮದುವೆ ಆದದ್ದು ಡೊಂಬಿವಲಿಯಲ್ಲಿ, ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದ ಮದುವೆ ಹಾಲ್‌ನಲ್ಲಿ. ಒಬ್ಬಳನ್ನು ತಪ್ಪಿಸಲು ಆರೂ ಜನರನ್ನು ತಪ್ಪಿಸಿದೆ. ಊರಿಗೆ ಹೋಗುತ್ತೇನೆಂದು ರಜೆ ಹಾಕಿದವಳು ಡೊಂಬಿವಲಿಯದೇ ಸಂತೆಯಲ್ಲಿ ಕೊಡೆ ಮುಂದೆ ಹಿಡಿದು ಮುಖ ಮರೆಸಿಕೊಂಡು ತರಕಾರಿ ಕೊಂಡೆ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ತರಕಾರಿಯವನು ನನ್ನನ್ನು ವಿಚಿತ್ರವಾಗಿ ನೋಡಿದ.

ರಜೆ ಮುಗಿಸಿ ಹೋದಾಗ ಮಹಾದೇವಿ ಸೀಟು ಹಿಡಿದೇ ಇದ್ದಳು. "ಮದುವಿ ಚೆಂದ ಆತೇನ್ರಿ? ಉಡುಪ್ಯಾಗ ಊಟಕ್ಕ ಏನೇನು ಮಾಡಿದ್ರಿ?" ಎಂದು ಕೇಳಿದಳು. ನಾನು ಠಾಣೆಯವರೆಗೆ ಒಂದು ಮದುವೆಯನ್ನೇ ಕಟ್ಟಿ ಹೇಳಿದೆ. ಅಂಗಳದ ಚಪ್ಪರ, ಬಾಳೆಲೆ, ಹಾಲುಬಾಯಿಯ ಸಿಹಿ, ಯಾರೋ ಸೋದರಮಾವ ಸಿಟ್ಟು ಮಾಡಿಕೊಂಡದ್ದು, ಅವನನ್ನು ಸಮಾಧಾನ ಮಾಡಿದ್ದು. ಅಂಥ ಸೋದರಮಾವನೇ ನನಗಿಲ್ಲ! ತಪ್ಪು ಮಾಡಿದವರು ಏನೂ ಆಗದ ಹಾಗೆ ತಲೆಯೆತ್ತಿ ನಡೆದುಬಿಡುವುದಕ್ಕೆ ಇಂಗ್ಲಿಷಿನವರು ಅದೇ ಬ್ರೇಜನ್ ಪದವನ್ನು ಕ್ರಿಯಾಪದ ಮಾಡಿಕೊಂಡಿದ್ದಾರೆ. ನಿಘಂಟಿನಲ್ಲಿ ಆ ಬಳಕೆಗೆ ಉದಾಹರಣೆ ಬೇಕಿದ್ದರೆ ಅವತ್ತು ನನ್ನನ್ನೇ ತೆಗೆದುಕೊಳ್ಳಬಹುದಿತ್ತು.

ವರ್ಷಗಳು ಕಳೆದವು. ನಾನು ನಿವೃತ್ತಳಾದೆ. ನಳಿನಿಯವರು ನಾನು ಹೆದರಿದಷ್ಟು ಗಡಸಿನವರೇನೂ ಅಲ್ಲ. ಮಗಳನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ, ನನ್ನ ಜೊತೆ ಕೂತು ಧಾರಾವಾಹಿ ನೋಡುತ್ತ ಖಳನಾಯಕಿಗೆ ಶಾಪ ಹಾಕುತ್ತಾರೆ. ಈಚೆಗೆ ಶ್ರುತಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತಿಯನ್ನು ನೋಡಲೆಂದು ಬಂದಿದ್ದ ನಳಿನಿಯವರು ಒಂದು ಮಧ್ಯಾಹ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಏನೋ ಮಾತಿಗೆ ನಾನು, "ಅವತ್ತು ರೈಲಿನಲ್ಲಿ ಸೀಟಿನ ಮೇಲೆ ಮಲಗಿ ಕೂಗುತ್ತಿದ್ದಳಲ್ಲ ಒಬ್ಬಳು, ನೆನಪುಂಟಾ?" ಎಂದೆ.

"ಯಾರು?" ಎಂದರು. "ನನಗೆ ನೆನಪಿಲ್ಲ ಮಾರಾಯ್ರೆ. ನಿಂತು ನಿಂತು ಕಾಲು ಬಿದ್ದುಹೋದದ್ದು ಮಾತ್ರ ನೆನಪುಂಟು. ಒಂದು ಸೀಟು ಸಿಗುತ್ತಿದ್ದರೆ ನಾನು ಯಾರ ಕಾಲಿಗೆ ಬೇಕಾದರೂ ಬೀಳುತ್ತಿದ್ದೆ!"

ಯಾರಿಗೆ ಹೆದರಿ ಗೆಳತಿಯನ್ನು ಮಾರಿಕೊಂಡೆನೋ ಅವರಿಗೆ ಅದು ನೆನಪೇ ಇಲ್ಲ. ಇಷ್ಟು ವರ್ಷ ಆ ಬೆಳಗನ್ನು ಹೊತ್ತುಕೊಂಡು ತಿರುಗುತ್ತಿದ್ದವಳು ನಾನೊಬ್ಬಳೇ.

ಮುಂದಿನ ಭಾನುವಾರವೇ ಟಿಟ್ವಾಳಾಕ್ಕೆ ಹೋದೆ. ಗಣಪತಿ ದರ್ಶನಕ್ಕೆಂದು ಮನೆಯಲ್ಲಿ ಹೇಳಿ ಹೋದೆ — ನೋಡಿ, ನಿಜ ಹೇಳಲು ಹೊರಟಾಗಲೂ ಒಂದು ಸುಳ್ಳು! ಮಹಾದೇವಿ ಬಾಗಿಲಲ್ಲೇ ಅಪ್ಪಿಕೊಂಡಳು. ಚುರಮುರಿ ಕಲಸಿದಳು, ಮಿರ್ಚಿ ಕರಿದಳು, ಚಹಾ ಇಟ್ಟಳು. ಅವಳು ಕೂತ ಮೇಲೆ ನಾನು ಶುರು ಮಾಡಿದೆ. ನೀನು ಕಾಣಲಿಲ್ಲ ಎಂದದ್ದು ಸುಳ್ಳು, ಕಂಡಿದ್ದೆ, ಗುರ್ತ ಇಲ್ಲ ಎಂದೆ. ಬ್ರೇಜನ್ ಎಂದರೆ ಹಿತ್ತಾಳೆಯ ಹೊಳಪಲ್ಲ, ನಾಚಿಕೆಗೆಟ್ಟವಳು ಎಂದು.

ಅವಳು ಮಿರ್ಚಿ ಕಚ್ಚಿದವಳು ಹಾಗೇ ನಿಲ್ಲಿಸಿ, ಗಹಗಹಿಸಿ ನಗತೊಡಗಿದಳು. ನಗುವಿನಲ್ಲಿ ಖಾರ ನೆತ್ತಿಗೇರಿ ಕೆಮ್ಮಿದಳು. "ಅಯ್ಯ ಅಕ್ಕಾರ! ನಾ ಅದನ್ನ ಸಿಕ್ಕಸಿಕ್ಕವರಿಗೆ ಅಂದೀನಲ್ರಿ! ದೊಡ್ಡ ಡಾಕ್ಟರಿಗೂ ಅಂದೀನಿ, ಸಾಹೇಬ್ರ ನೀವು ಭಾಳ ಬ್ರೇಜನ್ ಇದ್ದೀರಿ ಅಂತ! ಅದಕ್ಕ ಅವತ್ತು ಮಾರಿ ಹಂಗ ಮಾಡಿದ್ರೇನ ಮತ್ತ!" ನಾನೂ ನಗುವನ್ನು ತಡೆಯಲಾರದೆ ಹೋದೆ. ಇಬ್ಬರೂ ಕಣ್ಣೊರೆಸಿಕೊಂಡೆವು. "ನಾಚಿಕಿ ಇಟ್ಕೊಂಡ್ರ ಕಲ್ಯಾಣದಾಗ ಸೀಟ್ ಸಿಗತೈತೇನ್ರಿ? ಗುರ್ತ ಇಲ್ಲ ಅಂದದ್ದೂ ಹೋಗ್ಲಿ ಬಿಡ್ರಿ, ಹುಡುಗಿ ಲಗ್ನದ ವ್ಯಾಳೆ, ಹೆದರಿಕಿ ಇರತೈತಿ," ಎಂದಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳ ನಗುವನ್ನು ಕಟ್ಟಿಕೊಂಡು ಮನೆಗೆ ಬಂದುಬಿಡಬಹುದಿತ್ತು. ಆದರೆ ಹೇಳಿದೆ, ಮದುವೆ ಉಡುಪಿಯಲ್ಲಿ ಆಗಲಿಲ್ಲ ಮಹಾದೇವಿ, ಡೊಂಬಿವಲಿಯಲ್ಲೇ ಆಯಿತು ಎಂದು.

ಅವಳ ನಗು ನಿಂತಿತು. ತಟ್ಟೆಯನ್ನು ಕೆಳಗಿಟ್ಟಳು.

"ಡೊಂಬಿವಲ್ಯಾಗ?" ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಮುಹೂರ್ತ ಎಷ್ಟೊತ್ತಿಗಂತ ನೀವು ಹೇಳಿದ್ರಲ್ಲ. ಅವತ್ತು ಡ್ಯೂಟಿ ಮ್ಯಾಲಿದ್ದೆ. ಮನಿಯಿಂದ ಅಕ್ಷತೆ ಕಟ್ಕೊಂಡು ಹೋಗಿದ್ನ್ರಿ. ಉಡುಪಿ ಯಾವ ದಿಕ್ಕಿಗೈತಿ ಅಂತ ಸಿಸ್ಟರನ್ನ ಕೇಳಿ, ಆ ಕಡೆ ಕಿಟಕ್ಯಾಗಿಂದ ಒಗದೆ, ಹುಡುಗಿಗೆ ಒಳ್ಳೇದಾಗ್ಲಿ ಅಂತ. ಕೆಳಗ ನಿಂತವರು ಬೈದ್ರು."

ಚಹಾ ಆರಿಹೋಯಿತು. ಏಳುವಾಗ, ಮೊಮ್ಮಗಳ ನಾಮಕರಣ ಇದೆ, ಡೊಂಬಿವಲಿಯಲ್ಲೇ, ಮನೆಯಲ್ಲೇ, ನೀನು ಬರಬೇಕು ಎಂದೆ. "ನೋಡ್ತೀನ್ರಿ," ಎಂದಳು. ಸ್ಟೇಷನ್ನಿನವರೆಗೆ ಬಿಡಲು ಬಂದಳು. ಆಟೋದವನ ಜೊತೆ ನನ್ನ ಪರವಾಗಿ ಜಗಳವಾಡಿದಳು. ಆದರೆ ಬರುತ್ತೇನೆ ಎಂದು ಹೇಳಲಿಲ್ಲ.

ನಾಮಕರಣಕ್ಕೆ ಗುಂಪಿನವರೆಲ್ಲ ಬಂದರು. ಜೋಶಿ ಬಾಯಿ ತೊಟ್ಟಿಲ ಹಾಡು ಹೇಳಿ ಮಗುವನ್ನು ಮಲಗಿಸುವ ಬದಲು ಎಬ್ಬಿಸಿದಳು. ಮನೆ ತುಂಬ ಗದ್ದಲ, ನಗು, ಪಾಯಸದ ಪರಿಮಳ. ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಮಹಾದೇವಿಗೆ ಡ್ಯೂಟಿ ಬಿತ್ತಂತೆ ಎಂದು ಯಾರೋ ಹೇಳಿದರು. ಇದ್ದರೂ ಇರಬಹುದು.

ಊಟವಾದ ಮೇಲೆ, ಗುಂಪಿನವರು ಇನ್ನೂ ಕೂತಿರುವಾಗಲೇ, ನಳಿನಿಯವರನ್ನು ನನ್ನ ಪಕ್ಕ ಕೂರಿಸಿಕೊಂಡು ಎಲ್ಲರೆದುರು ಹೇಳಿದೆ. ಅವತ್ತು ನಿಮಗಾಗಿ ಸೀಟು ಹಿಡಿದು ಕರೆದವಳು ನನ್ನ ಗೆಳತಿ ಎಂದೆ. ರೈಲಿನಲ್ಲಿ ಶ್ರುತಿಯ ಉಡಿ ತುಂಬಿದವಳು ಎಂದೆ. ಮದುವೆಯೇ ಇಲ್ಲದ ದಿಕ್ಕಿಗೆ ಅಕ್ಷತೆ ಎಸೆದದ್ದನ್ನೂ ಹೇಳಿದೆ. ನಳಿನಿಯವರು ಪೂರ್ತಿ ಕೇಳಿಸಿಕೊಂಡರು. ಹೆಗಲ ಮೇಲಿದ್ದ ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡು, ಬೈಯುವ ದನಿಯಲ್ಲೂ ಅಲ್ಲ, ಸಮಾಧಾನದ ದನಿಯಲ್ಲೂ ಅಲ್ಲ, ಸುಮ್ಮನೆ ಹೇಳಿದರು:

"ಮದುವೆಗೆ ಕರೆಯಬೇಕಿತ್ತು ನೀವು."

ಹೌದು. ಕರೆಯಬೇಕಿತ್ತು.